ಹಲ್ಲಿನಿಂದ ಕೇಳುತ್ತಿದ್ದ ಮಿಸ್ತ್ರಿ

ಪೂಜಾರ ಮಿಸ್ತ್ರಿ ಗಾಡಿಯ ಸದ್ದನ್ನು ಕಿವಿಯಿಂದ ಕೇಳುತ್ತಿರಲಿಲ್ಲ, ಹಲ್ಲಿನಿಂದ ಕೇಳುತ್ತಿದ್ದರು. ಅವರ ಹತ್ತಿರ ಎರಡು ಮೊಳದ ಒಂದು ಕಬ್ಬಿಣದ ಸಲಾಕೆ ಇತ್ತು, ಕಿರುಬೆರಳಿನಷ್ಟು ದಪ್ಪ. ಅದರ ಒಂದು ತುದಿಯನ್ನು ಗಾಡಿಯ ಮೈಮೇಲೆ ಊರಿ, ಇನ್ನೊಂದು ತುದಿಯನ್ನು ಮುಂದಿನ ಹಲ್ಲುಗಳ ನಡುವೆ ಕಚ್ಚಿ, ಎರಡೂ ಕಿವಿಗಳನ್ನು ಅಂಗೈಯಿಂದ ಒತ್ತಿ, ಕಣ್ಣು ಮುಚ್ಚಿ ಕೂತುಬಿಡುತ್ತಿದ್ದರು. ಲಕ್ಷ್ಮೇಶ್ವರದ ಶಿರಹಟ್ಟಿ ರಸ್ತೆಯ ಗ್ಯಾರೇಜಿನಲ್ಲಿ ಮೊದಲ ಸಲ ಆ ಭಂಗಿಯಲ್ಲಿ ಅವರನ್ನು ಕಂಡಾಗ, ಯಾರಿಗೋ ಮೂರ್ಛೆ ಬಂದಿದೆ, ಕಬ್ಬಿಣ ಕೊಟ್ಟು ಕೂಡಿಸಿದ್ದಾರೆ ಎಂದೇ ತಿಳಿದು ನೀರು ತರಲು ಓಡಿದ್ದೆ. ಅಲ್ಲಿದ್ದವರು ನಕ್ಕರು. ನಗು ಮುಗಿದ ಮೇಲೆ ನಾನು ಗಮನಿಸಿದ್ದು ಬೇರೆ ಸಂಗತಿ. ಎದುರಿಗಿದ್ದ ಗಾಡಿಯ ಎಂಜಿನ್ ಬಂದ್ ಆಗಿತ್ತು. ಅದು ಹಿಂದಿನ ದಿನದಿಂದಲೂ ನಿಂತೇ ಇದ್ದ ಗಾಡಿ.

ನಿಂತ ಗಾಡಿಯಲ್ಲಿ ಏನು ಕೇಳುತ್ತೀರಿ ಎಂದು ಕೇಳದೆ ಬಿಡುವವಳು ನಾನಲ್ಲ. ಆಗ ನಾನು ಊರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ, ಪ್ರಶ್ನೆ ಕೇಳುವುದು ನನ್ನ ಹಕ್ಕು ಎಂಬ ಠೇಂಕಾರವೂ ಇತ್ತು. ಅವರು ಸಲಾಕೆಯ ತುದಿಯನ್ನು ಪಂಚೆಯಿಂದ ಒರೆಸುತ್ತ, "ಓಡೂ ಗಾಡಿ ನೂರು ಮಾತಾಡ್ತೈತ್ರಿ ಅಕ್ಕಾರ. ನಿಂತ ಗಾಡಿ ಒಂದ ಮಾತಾಡ್ತೈತಿ. ಅದು ಖರೆ ಇರ್ತೈತಿ" ಅಂದರು. ನಮ್ಮ ಕಡೆ ಶಾಲೆಯ ಹೆಣ್ಣು ಟೀಚರನ್ನು ಅಕ್ಕಾರ ಅನ್ನುವುದು ವಾಡಿಕೆ. ಅವರು ನನಗಿಂತ ಇಪ್ಪತ್ತು ವರ್ಷ ದೊಡ್ಡವರಾದರೂ ಕೊನೆಯವರೆಗೂ ಹಾಗೆಯೇ ಕರೆದರು.

ಅವರ ಹೆಸರು ಶೇಷಪ್ಪ. ಶಿರಹಟ್ಟಿಯ ಒಂದು ಹನುಮಂತದೇವರ ಗುಡಿಯ ಪೂಜೆ ತಲೆತಲಾಂತರದಿಂದ ಅವರ ಮನೆತನದ್ದು. ಅಣ್ಣತಮ್ಮಂದಿರ ನಡುವೆ ಪಾಳಿ ಇತ್ತು. ವರ್ಷದಲ್ಲಿ ಮೂರು ತಿಂಗಳು ಇವರ ಪಾಳಿ ಬಂದರೆ ಗ್ಯಾರೇಜಿಗೆ ಬೀಗ ಬೀಳುತ್ತಿತ್ತು. ಡ್ರೈವರುಗಳು ಎಷ್ಟು ಗೋಗರೆದರೂ ಬರುತ್ತಿರಲಿಲ್ಲ. ಉಗುರಿನ ಸಂದಿಯ ಗ್ರೀಸು ಹಾಗೇ ಇದ್ದ ಕೈಯಿಂದ ತೀರ್ಥ ಕೊಡುತ್ತಾರೆ ಎಂದು ಶಿರಹಟ್ಟಿಯ ಹೆಂಗಸರು ಆಡಿಕೊಳ್ಳುತ್ತಿದ್ದರು, ಆಡಿಕೊಳ್ಳುತ್ತಲೇ ಕೈ ಒಡ್ಡುತ್ತಿದ್ದರು. ಗುಡಿಯ ರೀತಿಯೇ ಗ್ಯಾರೇಜಿಗೂ ಬಂದಿತ್ತು. ಬೆಳಿಗ್ಗೆ ಮೊದಲ ಗಾಡಿ ಕೇಳುವ ತನಕ ಬಾಯಿಗೆ ಹನಿ ಚಹಾ ಹಾಕುತ್ತಿರಲಿಲ್ಲ. ಸಲಾಕೆಯನ್ನು ದೇವರ ಸಾಮಾನಿನಂತೆ ಹುಣಸೆಹಣ್ಣು ಹಚ್ಚಿ ತೊಳೆಯುತ್ತಿದ್ದರು. ಅದನ್ನು ಬೇರೆ ಯಾರೂ ಬಾಯಿಗೆ ಇಡುವಂತಿರಲಿಲ್ಲ. ಎಂಜಲಿನ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು.

ಇನ್ನೊಂದು ನಿಯಮವಿತ್ತು. ಗಾಡಿಗೆ ಏನಾಗಿದೆ ಎಂದು ಮಾಲೀಕ ಬಾಯಿ ಬಿಡಬಾರದು. ಬಿಟ್ಟರೆ ಕೈಯೆತ್ತಿ ತಡೆಯುತ್ತಿದ್ದರು. "ನೀವು ಹೇಳಬ್ಯಾಡ್ರಿ. ಹೇಳಿದ್ರ ನಿಮ್ಮ ಮಾತ ಕೇಳಿಸ್ತೈತಿ, ಗಾಡಿ ಮಾತು ಕೇಳಿಸಂಗಿಲ್ಲ." ಡಾಕ್ಟರ ಮುಂದೆ ಬಾಯಿ ಮುಚ್ಚಿ ಕೂತ ರೋಗಿಗಳಂತೆ ದೊಡ್ಡ ದೊಡ್ಡ ಸಾಹುಕಾರರು ಅಲ್ಲಿ ಸುಮ್ಮನೆ ನಿಲ್ಲುವುದನ್ನು ನೋಡಿ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು.

ನನಗೂ ಗ್ಯಾರೇಜಿಗೂ ನಂಟು ಬೆಳೆದದ್ದು ಶಾಲೆಯ ವ್ಯಾನಿನಿಂದ. ಸೊರಟೂರಿನಿಂದ ಹೆಣ್ಣುಮಕ್ಕಳನ್ನು ಹೈಸ್ಕೂಲಿಗೆ ಕರೆತರಲು ಶಾಲೆಯ ಕಮಿಟಿಯವರು ಮುಂಡರಗಿಯಲ್ಲಿ ಒಂದು ಮುದಿ ವ್ಯಾನು ಕೊಂಡಿದ್ದರು. ಅದು ನನಗಿಂತ ಸ್ವಲ್ಪವೇ ಚಿಕ್ಕದು. ಹನ್ನೊಂದು ಹುಡುಗಿಯರು, ಡ್ರೈವರ್ ಈರಪ್ಪ, ಜೊತೆಗೆ ಕಡ್ಡಾಯವಾಗಿ ನಾನು. ಅಕ್ಕಾರ ಜೊತೆಗಿದ್ದರೆ ಮಾತ್ರ ಕಳಿಸುತ್ತೇವೆ, ವ್ಯಾನು ನಿಂತರೆ ಶಾಲೆಯೂ ನಿಂತಂತೆ ಎಂದು ತಂದೆಗಳು ಮೊದಲೇ ಹೇಳಿದ್ದರು. ಬರೀ ಬಾಯಿಮಾತಲ್ಲ ಅದು. ಒಮ್ಮೆ ವ್ಯಾನು ನಾಲ್ಕು ದಿನ ಕೆಟ್ಟು ನಿಂತಾಗ ಇಬ್ಬರು ಹುಡುಗಿಯರ ಮದುವೆ ಗೊತ್ತಾಯಿತು. ಐದನೆಯ ದಿನ ವ್ಯಾನು ಹೋದಾಗ ಅವರಿಬ್ಬರೂ ಬಾಗಿಲ ಹಿಂದೆ ನಿಂತು ನೋಡಿದರು, ಹತ್ತಲಿಲ್ಲ. ಅವರ ಜಾಗಕ್ಕೆ ಬೇರೆ ಇಬ್ಬರನ್ನು ತರಲು ನಾನು ಒಂದು ತಿಂಗಳು ಮನೆಮನೆ ತಿರುಗಿದೆ. ಅಂದಿನಿಂದ ಆ ವ್ಯಾನು ಕೆಮ್ಮಿದರೆ ನನ್ನ ಎದೆ ಧಸಕ್ಕೆನ್ನುತ್ತಿತ್ತು.

ಮಿಸ್ತ್ರಿಯ ಬಗ್ಗೆ ಊರಲ್ಲಿ ಕಥೆಗಳಿಗೆ ಬರವಿರಲಿಲ್ಲ. ನಾನು ಕಣ್ಣಾರೆ ಕಂಡದ್ದು ಒಂದನ್ನು ಹೇಳುತ್ತೇನೆ. ಬೆಟಗೇರಿಯ ಕಾಳಿನ ವ್ಯಾಪಾರಿಯೊಬ್ಬರು ಹೊಸದಾಗಿ ಕೊಂಡ ಹಳೆಯ ಲಾರಿ ತಂದಿದ್ದರು. ನಿಯಮದಂತೆ ಬಾಯಿ ಮುಚ್ಚಿಕೊಂಡು ನಿಂತಿದ್ದರು. ಮಿಸ್ತ್ರಿ ಎಂಜಿನ್ನಿನ ಹತ್ತಿರ ಹೋಗಲೇ ಇಲ್ಲ. ಲಾರಿಯ ಹಿಂಭಾಗದಲ್ಲಿ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ಕಚ್ಚಿ ಕೇಳಿದರು. ಆಮೇಲೆ ಸಲಾಕೆ ತೆಗೆದು ಮೆಲ್ಲನೆ, "ಊರು ಮುಟ್ಟೂಕಿಂತ ಮೊದಲ ಇದರಿಂದ ಇಳದಾವ ಯಾರ್ರಿ?" ಎಂದು ಕೇಳಿದರು.

ವ್ಯಾಪಾರಿ ಬಿಳಿ ಧೋತರದಲ್ಲೇ ಎಣ್ಣೆಯ ನೆಲದ ಮೇಲೆ ಕೂತುಬಿಟ್ಟರು. ಹಿಂದಿನ ಮಾಲೀಕನ ಕಾಲಕ್ಕೆ ಮುಂಡರಗಿ ರಸ್ತೆಯಲ್ಲಿ ಚೀಲಗಳ ಮೇಲೆ ಮಲಗಿದ್ದ ಒಬ್ಬ ಕ್ಲೀನರ್ ಲಾರಿಯಿಂದ ಉರುಳಿ ಸತ್ತಿದ್ದನಂತೆ. ಕೊಳ್ಳುವಾಗ ಇದು ತಮಗೊಬ್ಬರಿಗೇ ಗೊತ್ತಿತ್ತು, ಹೆಂಡತಿಗೂ ಹೇಳಿರಲಿಲ್ಲ ಅಂದರು. ಮಿಸ್ತ್ರಿ ಎಡಗಡೆಯ ಸ್ಪ್ರಿಂಗಿನ ಒಂದು ಬೋಲ್ಟನ್ನು ಬಿಚ್ಚಿ ತೋರಿಸಿದರು. ಅರ್ಧಕ್ಕರ್ಧ ಸವೆದಿತ್ತು. ಆ ದಿನ ಗಾಡಿಯನ್ನು ಒಮ್ಮೆಲೇ ತಿರುವಿದ್ದರಿಂದ ಅದು ಜಖಂ ಆಗಿ, ಅಂದಿನಿಂದ ಸವೆಯುತ್ತಾ ಬಂದಿದೆ ಎಂದು ವಿವರಿಸಿದರು. ಬೋಲ್ಟಿನ ಮಾತು ಸರಿ, ಮನುಷ್ಯನ ಮಾತು ನಿಮಗೆ ಯಾರು ಹೇಳಿದರು ಎಂದು ನಾನು ಬಿಡದೆ ಕೇಳಿದೆ. "ಕಬ್ಬಿಣ ಮರಿಯಂಗಿಲ್ರಿ," ಅಂದರು ಅಷ್ಟೆ.

ಡ್ರೈವರುಗಳ ಚಹಾದಂಗಡಿಯಲ್ಲಿ ಸುದ್ದಿ ಬಿದ್ದಿರಬೇಕು ಎಂದು ನಾನು ತೀರ್ಮಾನಿಸಿದೆ. ಮರುದಿನ ತರಗತಿಯಲ್ಲಿ ಶ್ರುತಿಕವೆಯನ್ನು ಬಡಿದು ಅದರ ಕಾಲನ್ನು ಹುಡುಗಿಯರ ಹಲ್ಲಿಗೆ ತಾಗಿಸಿ, ಸದ್ದು ಎಲುಬಿನ ಮೂಲಕವೂ ಹರಿಯುತ್ತದೆ, ಇದರಲ್ಲಿ ಮಾಟ ಮಂತ್ರ ಏನೂ ಇಲ್ಲ ಎಂದು ಪಾಠ ಮಾಡಿದೆ. ಹುಡುಗಿಯರು ನಂಬಿದರು. ನಾನೂ ನಂಬಿದೆ, ಆದರೂ ಆ ಲಾರಿ ನಮ್ಮ ಶಾಲೆಯ ಮುಂದೆ ಹಾದುಹೋದಾಗ ಎದ್ದು ಕಿಟಕಿ ಮುಚ್ಚುತ್ತಿದ್ದೆ.

ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಮಿಸ್ತ್ರಿಗೆ ಹಲ್ಲು ಉದುರತೊಡಗಿದವು. ಮೂವತ್ತು ವರ್ಷ ಕಬ್ಬಿಣ ಕಚ್ಚಿದ ಹಲ್ಲುಗಳು ತಾನೆ. ಉದುರಿದ ಹಲ್ಲುಗಳನ್ನು ಅವರು ಒಂದು ಕುಂಕುಮದ ಡಬ್ಬಿಯಲ್ಲಿ ಹಾಕಿ ದೇವರ ಪಟದ ಕೆಳಗೆ ಇಡುತ್ತಿದ್ದರು. ಇದೇನು ಅಸಹ್ಯ, ಎಲ್ಲರಂತೆ ಮಾಳಿಗೆಯ ಮೇಲೆ ಒಗೆಯಬಾರದೆ ಅಂದೆ. ಅವರಿಗೆ ಸಿಟ್ಟು ಬಂತು. "ಭಾಳ ಕೇಳ್ಯಾವ್ರಿ ಅವು. ಎಲ್ಲೆರ ಒಗಿಯಾಕ ಬರಂಗಿಲ್ಲ" ಅಂದರು. ಆ ಡಬ್ಬಿಯ ಕಡೆಗೆ ಆಮೇಲೆ ನಾನು ಕಣ್ಣು ಹಾಯಿಸಲಿಲ್ಲ.

ಒಂದು ಭಾನುವಾರ ಮಡಿ ಧೋತರ ಉಟ್ಟು ನಮ್ಮ ಮನೆಗೇ ಬಂದರು. ಕೈಯಲ್ಲಿ ಗಾಡಿ ಪರೀಕ್ಷಿಸುವ ಉಪಕರಣ ಮಾರುವ ಹುಬ್ಬಳ್ಳಿಯ ಏಜೆಂಟನೊಬ್ಬ ಕೊಟ್ಟ ಇಂಗ್ಲಿಷ್ ಹಾಳೆಗಳು. ಮಂಚದ ತುದಿಯಲ್ಲಿ ಕೂತು ಹಾಳೆಗಳನ್ನು ನನ್ನ ಮುಂದೆ ಚಾಚಿ, "ಅಕ್ಕಾರ, ನನಗೊಂದು ಕಿವಿ ಆರಿಸಿ ಕೊಡ್ರಿ. ಇನ್ನ ಮೂರ ಹಲ್ಲು ಉಳದಾವು" ಅಂದರು. ಅಂಥ ಮನುಷ್ಯ ನನ್ನೆದುರು ಹಾಗೆ ಕೂತದ್ದು ನೋಡಿ ನನಗೆ ನಾಚಿಕೆಯಾಯಿತು, ಒಂದು ಬಗೆಯ ಹೆಮ್ಮೆಯೂ ಆಯಿತು. ಸುಳ್ಳು ಹೇಳುವುದಿಲ್ಲ, ಹೆಮ್ಮೆಯೇ ಹೆಚ್ಚು.

ಮುಂದಿನ ವಾರ ಏಜೆಂಟ ಮೂರು ಉಪಕರಣ ತಂದ. ಪರೀಕ್ಷೆಗೆ ನಮ್ಮ ವ್ಯಾನನ್ನೇ ನಿಲ್ಲಿಸಿದೆವು. ಮೊದಲನೆಯದು ಟೀವಿಯಂತೆ ಗಾಜಿನ ಮುಖವಿದ್ದ ದೊಡ್ಡ ಪೆಟ್ಟಿಗೆ. ಅದರ ವಾಯರುಗಳನ್ನು ಎಂಜಿನ್ನಿಗೆ ಸಿಕ್ಕಿಸಿದರೆ ಗಾಜಿನ ಮೇಲೆ ಹಸಿರು ಗೆರೆ ಕುಣಿಯುತ್ತದೆ, ಗೆರೆ ನೋಡಿ ರೋಗ ಹೇಳಬಹುದು ಎಂದ. ಸಿನಿಮಾ ಬರುತ್ತದೆಂದು ಜನ ಸೇರಿದರು. ಆದರೆ ಆ ಪೆಟ್ಟಿಗೆ ಮಾಡಿದ್ದು ಹನ್ನೆರಡು ವೋಲ್ಟಿನ ಹೊಸ ಗಾಡಿಗಳಿಗೆ. ನಮ್ಮ ಮುದಿ ವ್ಯಾನಿನದು ಆರು ವೋಲ್ಟಿನ ಬ್ಯಾಟರಿ. ಹಸಿರು ಗೆರೆ ಒಮ್ಮೆ ನಡುಗಿ ಸತ್ತುಹೋಯಿತು. ಎರಡನೆಯದು ಡಾಕ್ಟರ ಸ್ಟೆಥಾಸ್ಕೋಪಿನಂಥದು, ತುದಿಯಲ್ಲಿ ಮಾತ್ರ ಉದ್ದ ಸೂಜಿ. ಸುತ್ತಿಗೆ ಸದ್ದಿನಲ್ಲೇ ಬಾಳಿದ ಮಿಸ್ತ್ರಿಯ ಕಿವಿಗೆ ಅದರಲ್ಲಿ ಬರೀ ಗುಂಯ್ ಎನ್ನುವುದು ಕೇಳಿಸಿತು. ಮೂರನೆಯದು ಕಂಪ್ರೆಶನ್ ಗೇಜು. ಎಂಜಿನ್ನಿನ ಪ್ಲಗ್ಗು ಬಿಚ್ಚಿ ಅಲ್ಲಿ ಇದನ್ನು ಕೂಡಿಸಿ ಎಂಜಿನ್ ತಿರುಗಿಸಿದರೆ, ಒಳಗಿನ ಒತ್ತಡ ಎಷ್ಟೆಂದು ಮುಳ್ಳು ತೋರಿಸುತ್ತದೆ. ಹಳೆಯ ಗಾಡಿಗೂ ಸೈ, ಹೊಸದಕ್ಕೂ ಸೈ. ಕಣ್ಣಿದ್ದವರು ಯಾರಾದರೂ ಓದಬಹುದು.

ನಾನು ಇದನ್ನೇ ಆರಿಸಿದೆ. ಯಾರ ಕಿವಿಯ ಮೇಲೂ ಹಲ್ಲಿನ ಮೇಲೂ ಇದು ನಿಂತಿಲ್ಲ ಎಂದು ಒಂದು ಸಣ್ಣ ಭಾಷಣವನ್ನೂ ಮಾಡಿದೆ. ಮಿಸ್ತ್ರಿ ತಲೆಯಾಡಿಸಿದರು. ಆಮೇಲೆ ಏನು ಮಾಡಿದರು ಗೊತ್ತೆ? ಗೇಜನ್ನು ಕಟ್ಟೆಯ ಮೇಲಿಟ್ಟು, ಅದರ ಮೇಲೆ ಸಲಾಕೆ ಊರಿ, ಇದ್ದ ಮೂರು ಹಲ್ಲಿನಿಂದ ಕಚ್ಚಿ ಅದನ್ನೇ ಕೇಳಿದರು. "ಇದರೊಳಗ ಯಾರೂ ಇಲ್ರಿ" ಅಂದರು. ಏಜೆಂಟ ಗೊಳ್ಳೆಂದು ನಕ್ಕ. ಯಾರೂ ಇಲ್ಲದಿರುವುದೇ ಛಲೋ, ಇದ್ದವರ ಕಾಟವೇ ಸಾಕಾಗಿದೆ ಎಂದು ನಾನೂ ಚೇಷ್ಟೆ ಮಾಡಿದೆ. ಅವರೂ ನಕ್ಕರು, ಗೇಜು ಕೊಂಡರು.

ಉಳಿದ ಹಲ್ಲುಗಳು ಒಂದು ಪಾಳಿಯ ಕಾಲದಲ್ಲಿ ಶಿರಹಟ್ಟಿಯಲ್ಲೇ ಬಿದ್ದುಹೋದವು. ಹುಬ್ಬಳ್ಳಿಗೆ ಹೋಗಿ ಹಲ್ಲು ಕಟ್ಟಿಸಿಕೊಂಡು ಬಂದರು. ಅದರಿಂದ ಕಚ್ಚಿದರೆ ಗೋಡೆಯಾಚೆ ಯಾರೋ ಮಾತಾಡಿದಂತೆ ಆಗುತ್ತದೆ, ಅಕ್ಷರ ಬಿಡಿಬಿಡಿಯಾಗಿ ಕೇಳುವುದಿಲ್ಲ ಎಂದು ಹೇಳಿ ಅದನ್ನು ಊಟಕ್ಕೆ ಮಾತ್ರ ಇಟ್ಟುಕೊಂಡರು. ಈಗ ಗೇಜೇ ಗತಿ. ಪ್ರತಿ ಸೋಮವಾರ ನಮ್ಮ ವ್ಯಾನಿಗೆ ಅದನ್ನು ಕೂಡಿಸಿ ಮುಳ್ಳು ನಿಂತ ಗುರುತನ್ನು ಗೋಡೆಯ ಮೇಲೆ ಸುಣ್ಣದಲ್ಲಿ ಬರೆಯುತ್ತಿದ್ದರು. ಮುಳ್ಳು ಯಾವಾಗಲೂ ಚೆನ್ನಾಗಿಯೇ ನಿಲ್ಲುತ್ತಿತ್ತು. ಒಂದು ದಿನ ನಾನು ಅಲ್ಲಿರುವಾಗ ಗದಗಿನ ಕಾರೊಂದು ಬಂತು. ಮಿಸ್ತ್ರಿ ಕೈ ಒರೆಸಿಕೊಂಡು ಎದ್ದು, ಏನಾಗಿದೆ ಎಂದು ಮಾಲೀಕನನ್ನು ಕೇಳಿದರು. ನನಗೆ ಅಳು ಬಂದಂತಾಯಿತು. ಆ ಪ್ರಶ್ನೆ ಅವರ ಬಾಯಲ್ಲಿ ನಾನು ಅದುವರೆಗೆ ಕೇಳಿರಲಿಲ್ಲ.

ಮರುವರ್ಷ ಹತ್ತನೆಯ ತರಗತಿಯ ಪರೀಕ್ಷೆಯ ಮೊದಲ ದಿನ. ಹನ್ನೊಂದೂ ಹುಡುಗಿಯರು ಆ ಸಲ ಪರೀಕ್ಷೆಗೆ ಕೂತಿದ್ದರು. ಸೊರಟೂರಿನಲ್ಲಿ ಎಂಟು ಗಂಟೆಗೆ ಹೊರಟರೆ ಹತ್ತಕ್ಕೆ ಲಕ್ಷ್ಮೇಶ್ವರದ ಪರೀಕ್ಷೆಯ ಕೋಣೆಯಲ್ಲಿ ನಿಶ್ಚಿಂತೆಯಿಂದ ಇರಬಹುದು. ವ್ಯಾನು ರಾತ್ರಿಯೆಲ್ಲ ಗ್ಯಾರೇಜಿನಲ್ಲಿತ್ತು. ಬೆಳಿಗ್ಗೆ ಆರೂವರೆಗೆ ನಾನು ಹೋದಾಗ ಈರಪ್ಪ ಸ್ಟೇರಿಂಗ್ ಹಿಂದೆ ಕೂತಿದ್ದ. ಮಿಸ್ತ್ರಿ ವ್ಯಾನಿನ ಮುಂದೆ ಮಡ್ಗಾರ್ಡಿನ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದರು. ಗೇಜು ಚೆನ್ನಾಗಿದೆ ಎಂದಿತ್ತು, ಗೋಡೆಯ ಮೇಲೆ ಹೊಸ ಗುರುತೂ ಬಿದ್ದಿತ್ತು. ಆದರೂ ನಿನ್ನೆಯಿಂದ ಕೈಗೆ ಏನೋ ಹತ್ತುತ್ತಿದೆ, ಏನೆಂದು ತಿಳಿಯುತ್ತಿಲ್ಲ ಅಂದರು. ಆಮೇಲೆ ಸಲಾಕೆಯನ್ನು ಹೊಸ ಬಟ್ಟೆಯಲ್ಲಿ ಹಿಡಿದು ನನ್ನ ಮುಂದೆ ಚಾಚಿದರು.

"ನಿಮ್ಮ ಹಲ್ಲು ಗಟ್ಟಿ ಅದಾವು. ನೀವೊಮ್ಮೆ ಕಚ್ಚಿ ಕೇಳ್ರಿ. ಎಂಜಲ ಅಲ್ರಿ, ಕೆಂಡದಾಗ ಇಟ್ಟ ತಗದೇನಿ, ಮೂರ ಸರ್ತಿ ಹುಣಸಿಹಣ್ಣ ಹಚ್ಚಿ ತೊಳದೇನಿ."

ಮೂವತ್ತು ವರ್ಷ ಯಾರ ಬಾಯಿಗೂ ಕೊಡದ ಸಲಾಕೆ. ಬೇಡ ಅನ್ನಲು ಆಗಲಿಲ್ಲ. ಅವರು ತೋರಿಸಿದಲ್ಲಿ, ಎರಡು ಮುಂದಿನ ಗಾಲಿಗಳ ನಡುವಿನ ಸರಳಿನ ಮೇಲೆ ತುದಿ ಊರಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಲದ ಮೇಲೆ ಕೂತು ಕಚ್ಚಿದೆ. ಕಿವಿ ಮುಚ್ಚಿಕೊಂಡೆ. ಮೊದಲು ನನ್ನದೇ ಎದೆಬಡಿತ, ನಾನೇ ಉಗುಳು ನುಂಗಿದ ಸದ್ದು. ಅವೆರಡೂ ಹಿಂದೆ ಸರಿದವು. ಆಮೇಲೆ ಅವೆರಡೂ ಅಲ್ಲದ ಸದ್ದೊಂದು ಬಂತು. ರಾತ್ರಿಯೆಲ್ಲ ತಣ್ಣಗೆ ನಿಂತ ಗಾಡಿ ಅದು. ಬಿಸಿ ಆರುವಾಗ ಕಬ್ಬಿಣ ಟಿಕ್ ಅನ್ನುತ್ತದೆ ಎಂದು ಸಮಾಧಾನ ಮಾಡಿಕೊಳ್ಳಲೂ ಆಗುವಂತಿರಲಿಲ್ಲ. ನಾನು ಏನು ಕೇಳಿದೆ ಎಂಬುದನ್ನು ಆ ದಿನ ಯಾರಿಗೂ ಹೇಳಲಿಲ್ಲ. ಬಾಯಲ್ಲಿ ಹುಣಸೆಯ ಹುಳಿ, ಕಬ್ಬಿಣದ ರುಚಿ.

ಕಣ್ಣು ತೆರೆದಾಗ ಎದುರಿನ ಗೋಡೆಯ ಮೇಲೆ ಗೇಜಿನ ಗುರುತುಗಳು ಕಂಡವು, ಸಾಲಾಗಿ, ಎಲ್ಲವೂ ಒಂದೇ ಎತ್ತರ. ಆ ಗೇಜನ್ನು ಆರಿಸಿದವಳು ನಾನೇ. ಬಾಗಿಲ ಹಿಂದೆ ನಿಂತಿದ್ದ ಆ ಇಬ್ಬರು ಹುಡುಗಿಯರೂ ನೆನಪಾದರು. ಇವತ್ತು ವ್ಯಾನು ಹೋಗದಿದ್ದರೆ ಹನ್ನೊಂದು ಮಂದಿಯ ಮೂರು ವರ್ಷದ ಓದು ಮಣ್ಣುಪಾಲು. ನಾನು ಎದ್ದು ಸೀರೆ ಕೊಡವಿ, "ಏನೂ ಇಲ್ಲ ಮಿಸ್ತ್ರಿ. ನನ್ನ ಎದಿ ಬಡಿಯೂದು ಅಷ್ಟ ಕೇಳ್ತು" ಅಂದೆ.

ಅವರು ನನ್ನ ಮುಖವನ್ನೇ ನೋಡಿದರು. ಆತ್ರಿ ಅಂದರು. ಈರಪ್ಪನನ್ನು ಕೆಳಗಿಳಿಸಿ, ರಸ್ತೆಯವರೆಗೆ ತಾವೇ ತಂದುಕೊಡುವುದಾಗಿ ಹೇಳಿ ಹತ್ತಿ ಕೂತರು. ನಾನು ಹತ್ತಲು ಹೋದರೆ ಕೈಯಿಂದಲೇ ತಡೆದರು. ವ್ಯಾನು ಮನುಷ್ಯ ನಡೆಯುವಷ್ಟೇ ನಿಧಾನ ಹೊರಟಿತು. ಪಕ್ಕದ ಹತ್ತಿ ಗೋದಾಮಿನ ಮೂಲೆಯಲ್ಲಿ ಅವರು ಸ್ಟೇರಿಂಗನ್ನು ಪೂರ್ತಿ ತಿರುವಿದರು. ಒಣ ಕಟ್ಟಿಗೆ ಮುರಿದಂತೆ ಲಟಕ್ಕೆಂದಿತು. ಮುಂದಿನ ಎರಡು ಗಾಲಿಗಳು ಒಂದು ಆ ಕಡೆ, ಒಂದು ಈ ಕಡೆ ತಿರುಗಿದವು. ವ್ಯಾನು ಕಲ್ಲಿನ ರಾಶಿಗೆ ಮುಖ ಕೊಟ್ಟು ವಾಲಿ ನಿಂತಿತು. ನಾನು ಸಲಾಕೆ ಊರಿದ್ದ ಸರಳೇ ಮುರಿದಿತ್ತು. ಗೇಜು ಎಂಜಿನ್ನಿನ ಕಥೆ ಹೇಳುತ್ತಿತ್ತೇ ಹೊರತು ಆ ಸರಳಿನದನ್ನು ಯಾವ ಸೋಮವಾರವೂ ಹೇಳಿರಲಿಲ್ಲ.

ಅವರ ಹಣೆ ಒಡೆದು ರಕ್ತ ಬರುತ್ತಿತ್ತು. ನಾನು ಸೆರಗಿನಿಂದ ಒತ್ತಿ ಹಿಡಿದು, ಏನೂ ಇಲ್ಲ ಎಂದು ನಾನು ಹೇಳಿದ ಮೇಲೂ ನೀವೇಕೆ ಹತ್ತಿದಿರಿ ಎಂದು ಅಳುತ್ತ ಬೈದೆ. ಅವರು ಸಮಾಧಾನವಾಗಿಯೇ ಉತ್ತರ ಕೊಟ್ಟರು. "ನಿಮ್ಮ ದವಡಿ ನೋಡಿದೆ. ಇಲ್ಲದ ಸದ್ದಿಗೆ ಯಾರೂ ಹಂಗ ಹಲ್ಲು ಬಿಗಿ ಹಿಡಿಯಂಗಿಲ್ರಿ."

ಮುಂದಿನದು ಓಟವೇ ಓಟ. ಈರಪ್ಪ ಗೋದಾಮಿನ ಹತ್ತಿ ವ್ಯಾಪಾರಿಯನ್ನು ಎಬ್ಬಿಸಿ ಅವರ ಲಾರಿ ಕೇಳಿ ತಂದ. ಸೊರಟೂರಿನ ಈಚೆಗೆ ತಡೆಗೋಡೆ ಇಲ್ಲದ ಒಂದು ಸೇತುವೆ, ಕೆಳಗೆ ಬೇಸಿಗೆಯಲ್ಲಿ ಒಣಗಿದ ಹಳ್ಳ, ತುಂಬ ಬಂಡೆಗಳು. ಸೇತುವೆಯ ಬಾಯಲ್ಲಿ ರಸ್ತೆ ಗಕ್ಕನೆ ತಿರುಗುತ್ತದೆ. ಲಾರಿಯಲ್ಲಿ ಅದನ್ನು ದಾಟುವಾಗ ನಾನು ಕಣ್ಣು ಮುಚ್ಚಿಕೊಂಡೆ. ಬರುವಾಗ ಹುಡುಗಿಯರು ಲಾರಿಯ ಹಿಂಭಾಗದಲ್ಲಿ ಒಬ್ಬರನ್ನೊಬ್ಬರು ಹಿಡಿದು ನಿಂತು ಬಂದರು. ಜಡೆಯ ತುಂಬ ಹತ್ತಿಯ ಎಳೆ ಮೆತ್ತಿಕೊಂಡು ಇಪ್ಪತ್ತು ನಿಮಿಷ ತಡವಾಗಿ ಒಳಗೆ ಹೋದರು. ಅಲ್ಲಿದ್ದ ಮೇಲ್ವಿಚಾರಕರು ದೊಡ್ಡ ಮನಸ್ಸು ಮಾಡಿ ಕೂಡಿಸಿದರು. ಒಂಬತ್ತು ಮಂದಿ ಪಾಸಾದರು.

ಆ ವ್ಯಾನು ಮತ್ತೆ ರಸ್ತೆಗೆ ಬರಲಿಲ್ಲ. ಮಿಸ್ತ್ರಿ ವರ್ಷದೊಳಗೆ ಗ್ಯಾರೇಜು ಮುಚ್ಚಿ ಶಿರಹಟ್ಟಿಗೆ ಹೋದರು. ನಾನು ಗದಗಿನ ಶಾಲೆಗೆ ಬಂದೆ. ನಾನು ಸುಳ್ಳು ಹೇಳಿದ್ದು ಅವರಿಗೆ ಗೊತ್ತಿತ್ತು, ಗೊತ್ತಿದೆ ಎಂಬುದು ನನಗೂ ಗೊತ್ತಿತ್ತು. ಆದರೂ ತಪ್ಪಾಯಿತು ಎನ್ನುವ ಒಂದು ಮಾತು ಹೇಳಲು ನನಗೆ ಆರು ವರ್ಷ ಬೇಕಾಯಿತು. ಶ್ರುತಿಕವೆಯ ಪಾಠ ಬಂದಾಗಲೆಲ್ಲ ನಾನು ಅದನ್ನು ಹಲ್ಲಿಗೆ ತಾಗಿಸುವ ಪ್ರಯೋಗವನ್ನು ಬಿಟ್ಟು ಮುಂದೆ ಹೋಗುತ್ತಿದ್ದೆ.

ಅವರು ಹಾಸಿಗೆ ಹಿಡಿದಿದ್ದಾರೆಂದು ಖಬರು ಬಂದ ಮೇಲೆ ಒಂದು ಮಧ್ಯಾಹ್ನ ಶಿರಹಟ್ಟಿಗೆ ಹೋದೆ. ಹದಿನೈದು ದಿನಕ್ಕೆ ಅವರು ತೀರಿಕೊಂಡರು, ಹಾಗಾಗಿ ಅದೇ ಕೊನೆಯ ಭೇಟಿ. ಗುಡಿಯ ಹಿಂದಿನ ಕೋಣೆಯಲ್ಲಿ ಮಲಗಿದ್ದರು. ಕೆನ್ನೆ ಒಳಗೆ ಹೋಗಿ ಗುರುತು ಸಿಗದಂತಾಗಿದ್ದರು. ಅಣ್ಣನ ಸೊಸೆ ಚಹಾ ಇಟ್ಟು ಆಚೆ ಹೋದಳು. ಆ ದಿನ ನನಗೆ ಕೇಳಿಸಿತ್ತು, ಸುಳ್ಳು ಹೇಳಿದೆ, ನನ್ನಿಂದ ದೊಡ್ಡ ತಪ್ಪಾಯಿತು ಎಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ.

"ಅದು ಗೊತ್ತೈತ್ರಿ," ಅಂದರು. "ಏನ್ ಕೇಳಿಸ್ತು, ಅಷ್ಟ ಹೇಳ್ರಿ. ಹಲ್ಲು ಹೋದಾಗಿಂದ ನನಗ ಯಾವ ಗಾಡಿನೂ ಏನೂ ಹೇಳಿಲ್ಲ."

ಹೇಳಿದೆ. ಒಳಗಿನಿಂದ ಯಾರೋ ಬೆರಳ ಗೆಣ್ಣಿನಿಂದ ಕಬ್ಬಿಣದ ಬಾಗಿಲು ಬಡಿದಂತೆ ಇತ್ತು. ಒಂದು, ಸ್ವಲ್ಪ ಬಿಟ್ಟು ಎರಡು, ಮೂರು. ಹನ್ನೆರಡಕ್ಕೆ ನಿಲ್ಲುತ್ತಿತ್ತು. ಮತ್ತೆ ಒಂದರಿಂದ ಶುರು. ಹೆದರಿಕೆಯಲ್ಲೂ ಮೂರು ಸಲ ಎಣಿಸಿದ್ದೆ, ಮೂರು ಸಲವೂ ಹನ್ನೆರಡೇ. ಹುಡುಗಿಯರು ಹನ್ನೊಂದು, ಈರಪ್ಪ, ನಾನು. ವ್ಯಾನಿನಲ್ಲಿ ಕೂಡುವವರು ಹದಿಮೂರು. ಆದ್ದರಿಂದ ಇದು ನಮ್ಮ ಸುದ್ದಿ ಅಲ್ಲ ಎಂದು ಮನಸ್ಸಿಗೆ ಹೇಳಿಕೊಂಡೆ.

"ಲೆಕ್ಕ ಕೂಡಲಿಲ್ಲ ಮಿಸ್ತ್ರಿ," ಅಂದೆ. "ಅದಕ್ಕ ಸುಮ್ಮನಾದೆ."

ಅವರು ಕಣ್ಣು ಮುಚ್ಚಿದರು. ನಿದ್ದೆ ಹತ್ತಿರಬೇಕು ಎಂದು ನಾನು ಏಳಹೊರಟೆ. ಆಗ ಕಣ್ಣು ತೆರೆದು, ಅವತ್ತು ಗ್ಯಾರೇಜಿನಲ್ಲಿ ನೋಡಿದಂತೆಯೇ ನನ್ನ ಮುಖವನ್ನು ನೋಡಿದರು.

"ಲೆಕ್ಕ ಕೂಡತೈತ್ರಿ ಅಕ್ಕಾರ," ಅಂದರು. "ನೀವೊಬ್ಬರು ಉಳೀತಿದ್ರಿ."